ಟೇಪು ಕೊಟ್ಟ ಮೇಲೆ 90 ದಿನ

ನಾನು ಮದುವೆ ವಿಡಿಯೋ ತೆಗೆಯುತ್ತಿದ್ದವನು. 1994ರಲ್ಲಿ ಉದಯ ಟಿವಿ ಬಂತು, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ. ಚಾನೆಲ್ ಜಾಸ್ತಿ ಆದರೆ ಕಾರ್ಯಕ್ರಮವೂ ಜಾಸ್ತಿ ಬೇಕಲ್ವಾ? ಆ ಒಂದು ಧೈರ್ಯದ ಮೇಲೆ, ಚಾನೆಲ್‌ಗಳಿಗೆ ಧಾರಾವಾಹಿ ಮಾಡಿಕೊಡೋಣ ಅಂತ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಡಿಟಿಂಗ್ ರೂಮ್ ಮಾಡಿದೆ.

ಬೆಂಗಳೂರಿಗೆ ಹೋಗು ಅಂದವರೇ ಎಲ್ಲ. ನಾನು ಹೋಗಲಿಲ್ಲ. ಶೂಟಿಂಗ್‌ಗೆ ದೇವರಾಯನದುರ್ಗದ ಬೆಟ್ಟ, ಕೈದಾಳದ ದೇವಸ್ಥಾನ ಎರಡೂ ಪಕ್ಕದಲ್ಲೇ ಇವೆ. ಇದು ಗುಬ್ಬಿ ವೀರಣ್ಣನವರ ಜಿಲ್ಲೆ, ಯಾವ ಹಳ್ಳಿಗೆ ಹೋದರೂ ಪೌರಾಣಿಕ ನಾಟಕ ಆಡಿದವರು ಸಿಗುತ್ತಾರೆ. ಎಂಥ ಕಲಾವಿದರು! ಆದರೆ ಕೊನೇ ಸಾಲಿಗೆ ಕೇಳಿಸುವ ಹಾಗೆ ಮಾತಾಡಿ ರೂಢಿ. ಕಾಲರ್ ಮೈಕ್ ಸಿಕ್ಕಿಸಿದ ಮೇಲೂ ದನಿ ಇಳಿಯುತ್ತಿರಲಿಲ್ಲ.

ಅದೇ ಒಂದು ಸಲ ಕೈಕೊಟ್ಟಿತು. ಅರ್ಧ ಗಂಟೆಯ ಧಾರಾವಾಹಿ ಅಂದರೆ ನಾವು ಕೊಡುತ್ತಿದ್ದದ್ದು ಸುಮಾರು 22 ನಿಮಿಷ, ಉಳಿದದ್ದು ಜಾಹೀರಾತಿಗೆ. ಬೀಟಾ ಅನ್ನುವ ವಿಡಿಯೋ ಟೇಪಿನಲ್ಲಿ ಮೊದಲು ಬಣ್ಣ, ದನಿ ಸರಿಹೊಂದಿಸಲು ಕಲರ್ ಬಾರ್, ಟೋನ್, ಆಮೇಲೆ ಸಂಚಿಕೆ. ಟೇಪನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ತೊಡೆ ಮೇಲಿಟ್ಟುಕೊಂಡು ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 70 ಕಿಲೋಮೀಟರ್ ಹೋದೆ. ಚಾನೆಲ್‌ನವರು ಚೆಕ್ ಮಾಡಿ ವಾಪಸ್ ಕೊಟ್ಟರು. ಒಂದು ಜಗಳದ ಸೀನಲ್ಲಿ ಹಿರಿಯ ನಾಟಕ ಕಲಾವಿದರೊಬ್ಬರ ದನಿ ಒಡೆದಿತ್ತು. ರಾತ್ರಿಯೇ ಊರಿಗೆ ಬಂದೆ. ಆ ಹಿರಿಯರನ್ನು ಎಬ್ಬಿಸಿ, ಕಂಬಳಿ ನೇತುಹಾಕಿದ ರೂಮಲ್ಲಿ ನಾಲ್ಕು ಸಾಲು ಡಬ್ಬಿಂಗ್ ಮಾಡಿಸಿ, ಬೆಳಗಿನ ಮೊದಲ ಬಸ್ಸು ಹಿಡಿದೆ. ಅವತ್ತಿನಿಂದ ಶೂಟಿಂಗಲ್ಲಿ ಹೆಡ್‌ಫೋನ್ ನನ್ನ ಕಿವಿಯಲ್ಲೇ.

ನಿಜವಾದ ಕಷ್ಟ ದುಡ್ಡಿನದು. ಪ್ರಸಾರವಾಗಿ 90 ದಿನ ಆದ ಮೇಲೆ ಚೆಕ್ ಬರುತ್ತಿತ್ತು. ವಾರಕ್ಕೆ ಐದು ಸಂಚಿಕೆ ಅಂದರೆ ಮೊದಲ ಚೆಕ್ ನೋಡುವಷ್ಟರಲ್ಲಿ 60ಕ್ಕೂ ಜಾಸ್ತಿ ಸಂಚಿಕೆ ನಮ್ಮ ಕೈದುಡ್ಡಿನಿಂದಲೇ ಆಗಿರುತ್ತಿತ್ತು. ಲೈಟ್ ಹುಡುಗರು, ಮೇಕಪ್‌ನವರು, ಅಡುಗೆಯವರು ಮೂರು ತಿಂಗಳು ಕಾಯುವವರಲ್ಲ, ಕಾಯಿಸಲೂಬಾರದು. ಸಂಜೆ ಪ್ಯಾಕಪ್ ಆದ ತಕ್ಷಣ ಬಾಟಾ, ಅಂದರೆ ದಿನದ ಭತ್ಯೆ, ಎಣಿಸಿ ಕೊಡುತ್ತಿದ್ದೆ. ಅದಕ್ಕಾಗಿ ಎರಡು ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದ್ದೇನೆ.

ಆಮೇಲೆ ಒಂದು ದಿನ ಫೋನ್ ಬಂತು. ಟಿಆರ್‌ಪಿ ಇಲ್ಲ, ಮುಂದಿನ ವಾರಕ್ಕೆ ಮುಗಿಸಿ. ಎಂಟು ಸಂಚಿಕೆ ಆಗಲೇ ಶೂಟ್ ಆಗಿ ಕೂತಿದ್ದವು. ಅವಕ್ಕೆ ಯಾರೂ ದುಡ್ಡು ಕೊಡಲಿಲ್ಲ. ಒಂದು ಕ್ಯಾಮೆರಾ ಮಾರಿ ಎಲ್ಲರ ಲೆಕ್ಕ ಚುಕ್ತಾ ಮಾಡಿದೆ. ಆರು ತಿಂಗಳ ಮೇಲೆ ಹೊಸ ಕೆಲಸ ಸಿಕ್ಕಿತು. ಕೈಯಲ್ಲಿ ಜಾಸ್ತಿ ಏನೂ ಇರಲಿಲ್ಲ. ಆದರೂ ಮೊದಲ ದಿನ ಬೆಳಗ್ಗೆ ಆರಕ್ಕೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ನಿಂತಿದ್ದವರು ಅದೇ ಹುಡುಗರು, ಒಬ್ಬರೂ ಕಮ್ಮಿ ಇರಲಿಲ್ಲ.