ಸರ್ವೆ ಟಿಪ್ಪಣಿಯ ಚೈನು–ಆಣೆಯನ್ನು ಮೀಟರಿಗೆ ತರುವ ಕ್ರಮ

ಹಳೇ ಮೈಸೂರು ಮತ್ತು ಮುಂಬೈ ಕರ್ನಾಟಕದ ಹಳೆಯ ಸರ್ವೆ ಟಿಪ್ಪಣಿಗಳಲ್ಲಿ ಜಮೀನಿನ ಉದ್ದಗಲಗಳು ಚೈನು ಮತ್ತು ಆಣೆಗಳಲ್ಲಿ ಇರುತ್ತವೆ. ಇಲ್ಲಿ ಒಂದು ಚೈನು ಎಂದರೆ 33 ಅಡಿ. ಹಿಂದಿನ ಕಾಲದ ರೂಪಾಯಿಯಂತೆಯೇ ಅದನ್ನೂ 16 ಆಣೆಗಳಾಗಿ ಭಾಗಿಸಿರುವುದರಿಂದ ಒಂದು ಆಣೆಯ ಉದ್ದ 2.0625 ಅಡಿ, ಅಂದರೆ ಎರಡು ಅಡಿ ಮುಕ್ಕಾಲು ಇಂಚು ಆಗುತ್ತದೆ.

ತಪ್ಪು ಹುಟ್ಟುವುದು ಹೆಚ್ಚಾಗಿ ಈ ಹದಿನಾರರ ಲೆಕ್ಕದಲ್ಲಿಯೇ. ಟಿಪ್ಪಣಿಯಲ್ಲಿ 5-8 ಎಂದಿದ್ದರೆ ಅದು ಐದು ಚೈನು ಎಂಟು ಆಣೆ, ಎಂದರೆ ಐದೂವರೆ ಚೈನು, ಅದನ್ನು 5.8 ಎಂದು ಓದಬಾರದು. ಆಣೆಯನ್ನು ಮೊದಲು 16ರಿಂದ ಭಾಗಿಸಿ ಚೈನಿಗೆ ಕೂಡಿಸಬೇಕು, ಬಂದ 5.5ನ್ನು 33ರಿಂದ ಗುಣಿಸಬೇಕು, 181.5 ಅಡಿ ಬರುತ್ತದೆ. 5.8 ಎಂದು ಹಿಡಿದಿದ್ದರೆ 191.4 ಅಡಿ ಬರುತ್ತಿತ್ತು. ಬದುವಿನಲ್ಲಿ ಸುಮಾರು ಹತ್ತು ಅಡಿಯ ವ್ಯತ್ಯಾಸವೆಂದರೆ ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಸಾಕಾಗುವಷ್ಟು ನೆಲ, ಆದ್ದರಿಂದ ಈ ಹಂತವನ್ನು ಕಾಗದದ ಮೇಲೆ ಬರೆದೇ ಮಾಡುವುದು ಒಳ್ಳೆಯದು.

ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರು ಸಿಗುತ್ತದೆ: 181.5 ಅಡಿಗೆ 55.32 ಮೀಟರು. ಚೈನಿಗೆ ಹತ್ತು ಮೀಟರು ಎಂದು ಅಂದಾಜಿನಲ್ಲಿ ಹಿಡಿಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ನಿಜವಾದ ಉದ್ದ 10.0584 ಮೀಟರು ಆಗಿರುವುದರಿಂದ ಇಪ್ಪತ್ತು ಚೈನಿನ ಗಡಿಯಲ್ಲಿ ಒಂದು ಮೀಟರಿಗಿಂತ ಹೆಚ್ಚು ತಪ್ಪಿಹೋಗುತ್ತದೆ.

33 ಅಡಿಯ ಆಯ್ಕೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ನೆಲವೇ ಒಂದು ಗುಂಟೆ, 1089 ಚದರ ಅಡಿ. ಅಂತಹ 40 ಸೇರಿದರೆ ಎಕರೆ. ಹಾಗಾಗಿ 5-8 ಉದ್ದ, 4-12 ಅಗಲದ ಆಯತಾಕಾರದ ಹೊಲಕ್ಕೆ 5.5ನ್ನು 4.75ರಿಂದ ಗುಣಿಸಿದರೆ ನೇರವಾಗಿ 26.125 ಗುಂಟೆ, ಅಂದರೆ 26 ಗುಂಟೆ 2 ಆಣೆ ಬರುತ್ತದೆ. ಈ ಕೊನೆಯ ಆಣೆ ಉದ್ದದ್ದಲ್ಲ, ಗುಂಟೆಯ ಹದಿನಾರನೆಯ ಒಂದು ಪಾಲು, 68.0625 ಚದರ ಅಡಿ. ಹೆಸರು ಒಂದೇ ಆದರೂ ಇವೆರಡನ್ನು ಬೆರೆಸಬಾರದು.

ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಉಡುಪಿ ಕಡೆ ನೆಲವನ್ನು ಸೆಂಟ್ಸ್‌ನಲ್ಲಿ ಹೇಳುತ್ತಾರೆ. ಅದು ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 17ನೆಯ ಶತಮಾನದಲ್ಲಿ ರೂಪಿಸಿದ 66 ಅಡಿಯ ಚೈನಿಗೆ ಹೊಂದುವ ಲೆಕ್ಕ. ಕ್ರಿಕೆಟ್ ಪಿಚ್ಚಿನ 22 ಗಜವೂ ಇದೇ ಉದ್ದ. ಈ ಚೈನಿಗೆ 100 ಲಿಂಕುಗಳಿದ್ದು, 1000 ಚದರ ಲಿಂಕಿಗೆ ಒಂದು ಸೆಂಟ್ಸ್ ಆಗುತ್ತದೆ. ಲಿಂಕಿನ ಅಳತೆಯನ್ನು 0.66ರಿಂದ ಗುಣಿಸಿದರೆ ಅಡಿ, 50ರಿಂದ ಭಾಗಿಸಿದರೆ 33 ಅಡಿಯ ಚೈನು. 250 ಲಿಂಕು ಎಂದರೆ 165 ಅಡಿ, ಸರಿಯಾಗಿ ಐದು ಚೈನು.