ಕೊರಿಯನ್ ಮನೆಯಿಂದ ಹೊರಟು ಸಿಯೋಲ್ ಸುತ್ತುವ ಒಂದು ದಿನ

ಯಾವ ವಾರ ಹೋಗುವುದು ಎಂಬುದೇ ಮೊದಲ ಲೆಕ್ಕ. ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ, ಚಾಂಗ್‌ದೊಕ್‌ಗುಂಗ್‌ಗೆ ಸೋಮವಾರ. ಎರಡನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಚಾಂಗ್‌ದೊಕ್‌ಗುಂಗ್‌ನ ಹಿಂದಿನ ತೋಟಕ್ಕೆ ಬೇರೆ ಟಿಕೆಟ್, ಅದನ್ನು ಮೊದಲೇ ಬುಕ್ ಮಾಡಿಡಬೇಕು. ಅದಕ್ಕೆ ಇನ್ನೊಂದು ದಿನವೇ ಇರಲಿ.

ಎರಡನೆಯ ಲೆಕ್ಕ ಮನೆಯ ಊಟದ್ದು. ಕೊರಿಯನ್ ಕುಟುಂಬದ ಮನೆಯಲ್ಲಿ ಅತಿಥಿಯಾಗಿ ಇರುವವರ ದಿನ ಅಡುಗೆಮನೆಯ ಗಡಿಯಾರದ ಪ್ರಕಾರ ನಡೆಯುತ್ತದೆ. ರಾತ್ರಿ ಊಟಕ್ಕೆ ಬರುತ್ತೇವೋ ಇಲ್ಲವೋ ಎಂದು ಹೊರಡುವ ಮೊದಲೇ ಹೇಳಬೇಕು. ಎಂಟು ಗಂಟೆಗೆ ಬಂದು 'ಹೊರಗೇ ತಿಂದೆ' ಎಂದರೆ ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ಅದೇ ತೊಂದರೆ. ನಾನು ಸಂಜೆಯಿಂದ ಹಿಂದಕ್ಕೆ ಎಣಿಸುತ್ತೇನೆ: ಏಳಕ್ಕೆ ಊಟ ಎಂದರೆ ಐದೂವರೆಗೆ ಊರ ನಡುವಿನಿಂದ ಹೊರಡಬೇಕು. ಆರರ ನಂತರ ಮೆಟ್ರೊದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಸಸ್ಯಾಹಾರಿಗಳು 'ಮಾಂಸ ತಿನ್ನುವುದಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಬೆಳಗಿನ ಸಾರಿನ ನೀರು ಒಣ ಬೂತಾಯಿಯಂಥ ಸಣ್ಣ ಮೀನನ್ನೂ ಕಡಲಪಾಚಿಯನ್ನೂ ಕುದಿಸಿದ್ದಾಗಿರುತ್ತದೆ; ಹುಳಿ ಬರಿಸಿದ ತರಕಾರಿಯ ಕಿಮ್ಚಿಗೆ ಉಪ್ಪಿನಲ್ಲಿ ಹುದುಗಿಸಿದ ಮೀನು ಅಥವಾ ಸೀಗಡಿ ಬೀಳುತ್ತದೆ. ಮನೆಯವರ ಕಣ್ಣಿಗೆ ಇವು ಮಸಾಲೆಯೇ ಹೊರತು ಮಾಂಸವಲ್ಲ. ಮಾಂಸ, ಮೀನು, ಮೀನಿನ ಸಾರು, ಮೀನಿನ ಸಾಸ್ ಎಂದು ಒಂದೊಂದನ್ನೂ ಕೊರಿಯನ್ ಲಿಪಿ ಹಂಗುಲ್‌ನಲ್ಲಿ ಬರೆಸಿಟ್ಟುಕೊಳ್ಳಿ, ಮೊಟ್ಟೆ ಆಗುತ್ತದೋ ಇಲ್ಲವೋ ಎಂಬುದನ್ನೂ ಸೇರಿಸಿ. ಅದೇ ಚೀಟಿ ಹೊರಗಿನ ಹೋಟೆಲಿನಲ್ಲೂ ಕೆಲಸಕ್ಕೆ ಬರುತ್ತದೆ. ಬುತ್ತಿಗೆ ಗಿಂಬಾಪ್ (ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ) ಕಟ್ಟಿಕೊಡುವುದಾದರೆ ಹ್ಯಾಮ್, ಮೀನಿನ ಕೇಕು, ಏಡಿ ಕಡ್ಡಿ ಬಿಟ್ಟು ಕ್ಯಾರೆಟ್, ಪಾಲಕ್, ಹಳದಿ ಮೂಲಂಗಿ ಉಪ್ಪಿನಕಾಯಿ ಸಾಕೆಂದು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಫ್ರಿಜ್‌ನಲ್ಲಿಟ್ಟರೆ ಅನ್ನ ಕಲ್ಲಾಗುತ್ತದೆ. ಬೆಳಿಗ್ಗೆ ಸುತ್ತಿ, ಮಧ್ಯಾಹ್ನದೊಳಗೆ ತಿಂದು ಮುಗಿಸುವುದೇ ಸರಿ.

ಓಡಾಟಕ್ಕೆ ಟಿ-ಮನಿ ಎಂಬ ಬಸ್-ಮೆಟ್ರೊ ಕಾರ್ಡು, ಒಬ್ಬರಿಗೊಂದು. ಅಂಗಡಿಯಲ್ಲಿ ಕೊಂಡು ನಗದು ಹಾಕಿಸುವುದು. ಬ್ಯಾಂಕ್ ಕಾರ್ಡಿನಿಂದ ರೀಚಾರ್ಜ್ ಆಗುತ್ತದೆಂದು ನಂಬಿ ಹೋಗಬೇಡಿ, ಕೈಯಲ್ಲಿ ನೋಟು ಇರಲಿ. ಹೊಸಬರು ಹಣ ಕಳೆಯುವುದು ಬಸ್ ಇಳಿಯುವಾಗ. ಹತ್ತುವಾಗ ಮಾತ್ರವಲ್ಲ, ಇಳಿಯುವಾಗಲೂ ಕಾರ್ಡ್ ತಾಗಿಸಬೇಕು. ಹಾಗೆ ಮಾಡಿ ಅರ್ಧ ಗಂಟೆಯೊಳಗೆ ಬೇರೆ ಬಸ್ಸನ್ನೋ ಮೆಟ್ರೊವನ್ನೋ ಹಿಡಿದರೆ ಒಂದೇ ಪ್ರಯಾಣವೆಂದು ಲೆಕ್ಕ; ಮರೆತರೆ ಮತ್ತೆ ಪೂರ್ತಿ ದರ. ಅದೇ ನಂಬರಿನ ಬಸ್ಸನ್ನೇ ಮತ್ತೆ ಹತ್ತಿದರೂ ಈ ರಿಯಾಯಿತಿ ಇಲ್ಲ. ದಾರಿಗೆ ಫೋನಿನಲ್ಲಿ ಕೊರಿಯಾದ ನಕ್ಷೆ ಆ್ಯಪ್ ನೇವರ್ ಮ್ಯಾಪ್ ಇಟ್ಟುಕೊಳ್ಳಿ, ನಿಲ್ದಾಣದ ಎಷ್ಟನೇ ನಿರ್ಗಮನದಿಂದ ಹೊರಬೀಳಬೇಕೆಂದೂ ಹೇಳುತ್ತದೆ. ಬೋಗಿಯ ತುದಿಯ ಸೀಟುಗಳು ವಯಸ್ಸಾದವರದು; ಖಾಲಿ ಇದ್ದರೂ ಯಾರೂ ಕೂರುವುದಿಲ್ಲ, ನೀವೂ ಕೂರಬೇಡಿ.

ಮೆಟ್ರೊದ ಮೂರನೇ ಮಾರ್ಗದ ಗ್ಯೊಂಗ್‌ಬೊಕ್‌ಗುಂಗ್ ನಿಲ್ದಾಣದ 5ನೇ ನಿರ್ಗಮನ ನೇರ ಅರಮನೆಯ ಆವರಣಕ್ಕೇ ತೆರೆಯುತ್ತದೆ. ಬಾಗಿಲು ತೆರೆಯುವುದು 9ಕ್ಕೆ, ಕಾವಲು ಬದಲಾವಣೆ 10ಕ್ಕೆ. ಟಿಕೆಟ್ 3,000 ವೊನ್. ಕೊರಿಯಾದ ಸಾಂಪ್ರದಾಯಿಕ ಉಡುಪು ಹನ್‌ಬೊಕ್ ಉಟ್ಟವರಿಗೆ ಉಚಿತ, ಆದರೆ ಮೇಲಿನದೂ ಕೆಳಗಿನದೂ ಎರಡೂ ಇರಬೇಕು. ಬಾಡಿಗೆ ಗಂಟೆಯ ಲೆಕ್ಕದ್ದು, ಹಾಗಾಗಿ ಟಿಕೆಟ್ ಉಳಿಸಲೆಂದು ಹನ್‌ಬೊಕ್ ತೊಡುವುದರಲ್ಲಿ ಅರ್ಥವಿಲ್ಲ, ಫೋಟೊಗಾದರೆ ಸರಿ.

ಅರಮನೆ ಕಟ್ಟಿದ್ದು 1395ರಲ್ಲಿ. 1592ರ ಜಪಾನಿ ದಾಳಿಯ ಕಾಲದಲ್ಲಿ ಸುಟ್ಟುಹೋಗಿ, 1867ರ ಹೊತ್ತಿಗೆ ಮತ್ತೆ ಎದ್ದಿತು. ಜನವೆಲ್ಲ ಸಿಂಹಾಸನದ ಕಟ್ಟಡದ ಮುಂದೆ ನಿಂತು ಹಿಂತಿರುಗುತ್ತಾರೆ. ನೋಡಲೇಬೇಕಾದದ್ದು ಹಿಂದಿದೆ: ರಾಣಿಯ ವಸತಿ ಗ್ಯೊತೇಜೊನ್‌ನ ಹಿಂಬದಿಯ ಮೆಟ್ಟಿಲು ತೋಟದಲ್ಲಿ ಕೆಂಪು ಇಟ್ಟಿಗೆಯ ಆರು ಮೂಲೆಯ ಗೂಡುಗಳು. ಅವು ಹೊಗೆ ಕೊಳವೆಗಳು. ನೆಲದಡಿಯ ಕಾಲುವೆಗಳಲ್ಲಿ ಒಲೆಯ ಬಿಸಿ ಹರಿದು ಕೋಣೆ ಬೆಚ್ಚಗಾಗಿಸಿ, ಹೊಗೆ ದೂರದಲ್ಲಿ ಹೊರಬೀಳುವ ವ್ಯವಸ್ಥೆ. ನೀವಿರುವ ಮನೆಯ ನೆಲ ಚಳಿಗಾಲದಲ್ಲಿ ಬಿಸಿ ಇರುವುದೂ ಇದೇ ಒಂದೊಲ್ ಪದ್ಧತಿಯಿಂದಲೇ. ಈಗ ಹೊಗೆಯ ಬದಲು ಕೊಳವೆಯಲ್ಲಿ ಬಿಸಿನೀರು ಓಡುತ್ತದೆ, ಅಷ್ಟೆ. ಇನ್ನೂ ಹಿಂದಿನ ಗೊನ್‌ಚೊಂಗ್‌ಗುಂಗ್‌ನಲ್ಲಿ 1887ರಲ್ಲಿ ಕೊರಿಯಾದ ಮೊದಲ ವಿದ್ಯುದ್ದೀಪ ಉರಿಯಿತು. 1895ರಲ್ಲಿ ರಾಣಿ ಮ್ಯೊಂಗ್‌ಸೊಂಗ್ ಕೊಲೆಯಾದದ್ದೂ ಅಲ್ಲೇ. ಇಷ್ಟಕ್ಕೆ ಎರಡೂವರೆ ಗಂಟೆ ಬೇಕು.

ಬುಕ್‌ಚೊನ್‌ನ ಹಳೆ ಮನೆಗಳ ಬೀದಿಗೆ ಅಲ್ಲಿಂದ ನಡೆದೇ ಹೋಗಬಹುದು. ಜನ ವಾಸಿಸುವ ಕೇರಿ ಅದು. 11ನೇ ಓಣಿಯ ಸುತ್ತ ಪ್ರವಾಸಿಗಳಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ, ಮೀರಿದರೆ 1 ಲಕ್ಷ ವೊನ್ ದಂಡ. ಬಾಗಿಲ ಮುಂದೆ ಕೂತು ಫೋಟೊ ತೆಗೆಸಿಕೊಳ್ಳುವುದೂ ಬೇಡ.

ಸಂಜೆ ತಿಂಡಿಗೆ ಗ್ವಾಂಗ್‌ಜಾಂಗ್ ಮಾರುಕಟ್ಟೆ, ಒಂದನೇ ಮಾರ್ಗದ ಜೊಂಗ್ನೊ 5-ಗಾ ನಿಲ್ದಾಣ. ಅಲ್ಲಿನ ಬಿಂದೇತೊಕ್ ನಮ್ಮ ಹೆಸರುಬೇಳೆ ದೋಸೆಯ ದಪ್ಪ ಅಣ್ಣ: ನೆನೆಸಿ ರುಬ್ಬಿದ ಹೆಸರುಬೇಳೆಗೆ ಮೊಳಕೆ ಸೇರಿಸಿ, ಧಾರಾಳ ಎಣ್ಣೆಯಲ್ಲಿ ಕರಿದದ್ದು. ಹಿಟ್ಟಿಗೆ ಹಂದಿಮಾಂಸ ಬಿದ್ದಿರಬಹುದು, ಕಾವಲಿಯಂತೂ ಒಂದೇ. ಕಟ್ಟುನಿಟ್ಟಿನವರು ಹಣ್ಣಿಗೆ ತಿರುಗುವುದು ಒಳ್ಳೆಯದು.

ಮನೆಗೆ ಒಂದು ಚೀಲ ಕಿತ್ತಳೆ ಒಯ್ದರೆ ಸಾಕು, ಎರಡೂ ಕೈಯಲ್ಲಿ ಕೊಡಿ. ಊಟಕ್ಕೆ ಹಿರಿಯರು ಚಮಚ ಎತ್ತಿದ ಮೇಲೆ ನಿಮ್ಮದು. ದಿನವಿಡೀ ಬೀದಿಯಲ್ಲಿ ಕಸದ ಡಬ್ಬಿ ಅಪರೂಪವಾದ್ದರಿಂದ ಚೀಲದಲ್ಲಿ ಖಾಲಿ ಬಾಟಲಿ, ಪೊಟ್ಟಣ ಉಳಿದಿರುತ್ತವೆ. ಅವನ್ನು ಒಟ್ಟಿಗೇ ಬುಟ್ಟಿಗೆ ಸುರಿಯಬೇಡಿ: ಬಣ್ಣವಿಲ್ಲದ ಬಾಟಲಿಯ ಲೇಬಲ್ ಕಿತ್ತು, ತೊಳೆದು, ಚಪ್ಪಟೆ ಮಾಡಿ ಬೇರೆ ಇಡಬೇಕು, ಉಳಿದ ತಿಂಡಿ ಆಹಾರದ ಕಸಕ್ಕೆ.