ಕ್ಯಾನ್ಸರ್ ಅನುಮಾನವಿದ್ದಾಗ ಆಸ್ಪತ್ರೆಗೆ ಚೀಟಿ ಬರೆಯುವುದು ಹೇಗೆ

ನಾನು ಕೊಡಗಿನ ಸಿದ್ದಾಪುರ ಕಡೆಯ ಸಮುದಾಯ ಆರೋಗ್ಯ ಅಧಿಕಾರಿ. ಕಾಫಿ ತೋಟದ ಕಾರ್ಮಿಕರು ಇರುವ ಲೈನ್‌ಮನೆಗಳೇ ನನ್ನ ಕಾರ್ಯಕ್ಷೇತ್ರ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೂ ಆಶಾ ಅಕ್ಕಂದಿರಿಗೂ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಯಿ. ಇಲ್ಲಿ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಬಹಳ. ಬಾಯಿ ಮುಕ್ಕಳಿಸಲು ಹೇಳಿ, ಗ್ಲೌಸ್ ಹಾಕಿಕೊಂಡು ಕೆನ್ನೆ ಸರಿಸಿ, ಟಾರ್ಚ್ ಬಿಟ್ಟು ನೋಡಿ. ಹೊಗೆಸೊಪ್ಪು ಯಾವ ಕಡೆ ಒತ್ತರಿಸಿಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ, ಅಲ್ಲಿ ಇನ್ನಷ್ಟು ಹೊತ್ತು ನೋಡಿ. ನಾಲಿಗೆಯ ಅಡಿ, ಎರಡೂ ಅಂಚು ಬಿಡಬೇಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಅವರದೇ ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ, ಎರಡು ವಾರ ದಾಟಿದರೂ ಮಾಯದ ಹುಣ್ಣು ಕಂಡರೆ ಆಸ್ಪತ್ರೆಗೆ ಕಳಿಸಿ. ನೋವಿಲ್ಲವೆಂದೇ ಜನ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ.

ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಅನ್ನ ನುಂಗಲು ಕಷ್ಟ, ಕತ್ತಿನಲ್ಲಿ ಕರಗದ ಗಂಟು, ಮೂತ್ರದಲ್ಲಿ ರಕ್ತ: ಇವಕ್ಕೂ ಮಾತ್ರೆ ಕೊಟ್ಟು ಕಾಯಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಟಿಬಿ ಇಲ್ಲವೆಂದು ಬಂದರೆ ಅಷ್ಟಕ್ಕೇ ಬಿಡದೆ ಎಕ್ಸ್‌ರೇ ಮಾಡಿಸಿ.

ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗೆ’ ಎಂದಷ್ಟೇ ಗೀಚಬೇಡಿ. ನಾನು ಹೀಗೆ ಬರೆಯುತ್ತೇನೆ: ‘ಬಲಗೆನ್ನೆಯ ಒಳಗೆ ಹುಣ್ಣು, ಸುಮಾರು 1 ಸೆಂ.ಮೀ., ಅಂಚು ಗಟ್ಟಿ, ನಾಲ್ಕು ವಾರದಿಂದ ಇದೆ. ಹೊಗೆಸೊಪ್ಪು 20 ವರ್ಷದಿಂದ. ಕತ್ತಿನಲ್ಲಿ ಗಂಟು ಸಿಗಲಿಲ್ಲ. ಬಯಾಪ್ಸಿ ಬೇಕೇ ನೋಡಿ.’ (ಬಯಾಪ್ಸಿ ಎಂದರೆ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ.) ಕಿಕ್ಕಿರಿದ ಒಪಿಡಿಯಲ್ಲಿ ಡಾಕ್ಟರ ಕಣ್ಣು ನಿಲ್ಲುವುದು ಇಂಥ ಸಾಲಿನ ಮೇಲೆ.

ರೋಗಿಗೆ ಕ್ಯಾನ್ಸರೇ ಎಂದು ನಾವು ಹೇಳುವಂತಿಲ್ಲ. ಏನೂ ಇಲ್ಲ ಎನ್ನುವುದು ಇನ್ನೂ ತಪ್ಪು. ‘ಈ ಹುಣ್ಣು ಇಷ್ಟು ದಿನ ಇರಬಾರದಿತ್ತು ಅಣ್ಣ, ಕ್ಯಾನ್ಸರ್ ಹೌದೋ ಅಲ್ಲವೋ ಪರೀಕ್ಷೆ ಮಾಡಿಸಿಬಿಡೋಣ’ ಎನ್ನಿ. ‘ಕಾಫಿ ಕೊಯ್ಲು ಮುಗಿಯಲಿ ಮೇಡಂ’ ಎಂಬ ಉತ್ತರ ಬಂದೇ ಬರುತ್ತದೆ. ಒಂದು ದಿನದ ಕೂಲಿ ಅವರಿಗೆ ಸಣ್ಣದಲ್ಲ, ಗದರಬೇಡಿ. ಅವರು ಒಪ್ಪಿದರೆ ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಹತ್ತಿರ ನಾವೇ ರಜೆ ಕೇಳೋಣ, ಕಾಯಿಲೆ ವಿಷಯ ಎತ್ತದೆ.

ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೊರಡುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮುಂದೆ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗಿ ಬಂದರೆ ಖರ್ಚಿಗೆ ಹೆದರಿ ನಿಲ್ಲದಂತೆ ಇದನ್ನು ಮೊದಲೇ ಹೇಳಿ.

ಬಯಾಪ್ಸಿ ವರದಿ ಯಾವತ್ತು ಸಿಗುತ್ತದೆಂದು ಕೇಳಿ ಡೈರಿಯಲ್ಲಿ ಬರೆದುಕೊಳ್ಳಿ, ಆ ದಿನ ಫೋನ್ ಮಾಡಿ. ತೋಟ ಬದಲಿಸಿ ಹೋಗುವವರೂ ಇರುತ್ತಾರೆ, ಊರಲ್ಲಿರುವ ನೆಂಟರೊಬ್ಬರ ನಂಬರನ್ನೂ ಚೀಟಿ ಕೊಡುವಾಗಲೇ ಕೇಳಿಟ್ಟುಕೊಳ್ಳಿ.